ಹಿಂಡಿದ ಮೇಲೆ ಉಳಿದದ್ದು: ಹಿಪ್ಪೆ, ಹಿಂಡಿ, ಸಿಪ್ಪೆಗಳ ಅರ್ಥವಿಚಾರ

ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕಿವುಚಿ, ರಸವನ್ನು ಪಾತ್ರೆಗೆ ಬಸಿದ ಮೇಲೆ ಅಂಗೈಯಲ್ಲಿ ಒಂದು ಉಂಡೆ ಉಳಿಯುತ್ತದೆ. ಒಂದಿಷ್ಟು ನಾರು, ತೊಗಟೆಯ ಚೂರು, ಕಣ್ತಪ್ಪಿ ಉಳಿದ ಒಂದೆರಡು ಬೀಜ. ನಮ್ಮ ಅಜ್ಜಿ ಅದನ್ನು ಎಸೆಯುತ್ತಿರಲಿಲ್ಲ. ಬಚ್ಚಲ ಕಟ್ಟೆಯ ಮೇಲಿದ್ದ ತೆಂಗಿನ ಕರಟದಲ್ಲಿ ಕೂಡಿಟ್ಟು, ಹಬ್ಬದ ಹಿಂದಿನ ದಿನ ದೇವರಮನೆಯ ಹಿತ್ತಾಳೆ ದೀಪಗಳನ್ನು ಅದರಿಂದಲೇ ಉಜ್ಜುತ್ತಿದ್ದರು. ಎಣ್ಣೆಯ ಕಿಟ್ಟ ಹಿಡಿದು ಕಪ್ಪಾಗಿದ್ದ ದೀಪದ ಕಂಬ ಅವರ ಬೆರಳು ಹೋದಲ್ಲೆಲ್ಲ ಹಳದಿಯಾಗುತ್ತ ಬರುತ್ತಿತ್ತು. ಆ ಉಂಡೆಯನ್ನು ಅವರು ಕರೆಯುತ್ತಿದ್ದದ್ದು 'ಹುಣಸೆ ಹಿಪ್ಪೆ' ಎಂದು.

ಅದೇ ಮನೆಯ ಕೊಟ್ಟಿಗೆಯಲ್ಲಿ ಹಸುವಿನ ಮುಸುರೆಗೆ ಕಲಸುತ್ತಿದ್ದ ಕಡಲೆಕಾಯಿಯ ಉಳಿಕೆ 'ಹಿಂಡಿ'. ಜಗಲಿಯ ಮೇಲೆ ಕೂತು ನಾವು ಜಗಿದು ಉಗಿದ ಕಬ್ಬು 'ಸಿಪ್ಪೆ'. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನ ತಳದಲ್ಲಿ ಉಳಿದ ಕಾಫಿಪುಡಿ 'ಚರಟ'. ರಸವೋ ಸಾರವೋ ಎಣ್ಣೆಯೋ ಹೊರಟುಹೋದ ಮೇಲೆ ಉಳಿದದ್ದು ಎಂಬ ಅರ್ಥ ನಾಲ್ಕಕ್ಕೂ ಸಮಾನ. ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಹಸುವಿಗೆ ಹಿಪ್ಪೆ ಕಲಸಿದೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ದೀಪವನ್ನು ಹಿಂಡಿಯಿಂದ ಉಜ್ಜಿದೆ ಎಂದರೂ ಅಷ್ಟೇ.

ರಸ ತೆಗೆದ ಹಣ್ಣಿನ ಉಳಿಕೆಗೆ ಭಾಷೆ ಯಾವ ಆಧಾರದ ಮೇಲೆ ಹೆಸರಿಡುತ್ತದೆ? ಮಾಡಿದ ಕೆಲಸದ ಮೇಲೋ, ಉಳಿದ ಪದಾರ್ಥದ ಮೇಲೋ, ಅದಕ್ಕಿರುವ ಬೆಲೆಯ ಮೇಲೋ, ಮುಂದೆ ಅದಕ್ಕೆ ಒದಗುವ ಉಪಯೋಗದ ಮೇಲೋ? ಸಣ್ಣದಾಗಿ ಕಾಣುವ ಈ ಪ್ರಶ್ನೆ ಬಹಳ ಹಳೆಯದು. ಅದರ ಸುತ್ತ ಬೆಳೆದ ವಿಚಾರಗಳನ್ನು ಒಂದೆಡೆ ತಂದು ನೋಡುವುದು ಈ ಬರಹದ ಉದ್ದೇಶ.

ಎರಡು ಸಾವಿರ ವರ್ಷದ ತಕರಾರು

ದಾಖಲಾಗಿರುವ ಹಳೆಯ ಚರ್ಚೆಗಳಲ್ಲಿ ಒಂದು ಹೀಬ್ರೂ ಭಾಷೆಯದು. ಬೈಬಲಿನ ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿ ನಾಜೀರ ವ್ರತ ಹಿಡಿದವರಿಗೆ ದ್ರಾಕ್ಷಿಯ ನಿಷೇಧವಿದೆ. ದ್ರಾಕ್ಷಾರಸ ಮಾತ್ರವಲ್ಲ, 'ಹರ್ತ್ಸನ್'ನಿಂದ 'ಝಗ್'ವರೆಗೆ ದ್ರಾಕ್ಷಿಬಳ್ಳಿಯ ಯಾವುದನ್ನೂ ತಿನ್ನಕೂಡದು ಎಂಬುದು ವಿಧಿ. ಹಿಂಡಿದ ದ್ರಾಕ್ಷಿಯಲ್ಲಿ ಉಳಿಯುವುದು ಬೀಜ ಮತ್ತು ಸಿಪ್ಪೆ. ಈ ಎರಡು ಪದಗಳಲ್ಲಿ ಬೀಜ ಯಾವುದು, ಸಿಪ್ಪೆ ಯಾವುದು?

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ 'ಮಿಶ್ನಾ' ಎಂಬ ಯಹೂದಿ ಧರ್ಮವಿಧಿಗಳ ಗ್ರಂಥದಲ್ಲಿ ಇದಕ್ಕೆ ಇಬ್ಬರು ಗುರುಗಳು ತದ್ವಿರುದ್ಧ ಉತ್ತರ ಕೊಡುತ್ತಾರೆ. ರಬ್ಬಿ ಯೆಹೂದರ ಪ್ರಕಾರ ಹರ್ತ್ಸನ್ ಹೊರಗಿನದು, ಝಗ್ ಒಳಗಿನದು. ರಬ್ಬಿ ಯೋಸೆ ಒಪ್ಪುವುದಿಲ್ಲ. ದನದ ಕೊರಳಿನ ಗಂಟೆಯನ್ನು ನೆನೆಯಿರಿ, ತಪ್ಪಾಗದು ಎನ್ನುತ್ತಾರೆ ಅವರು. ಗಂಟೆಯ ಹೊರಗವಚಕ್ಕೆ ಇರುವ ಹೆಸರೇ ದ್ರಾಕ್ಷಿಯ ಹೊರಗವಚಕ್ಕೂ ಇದೆ. ಒಳಗಿನ ನಾಲಿಗೆ ಬೇರೆ. ಇಂದಿನ ಹೀಬ್ರೂವಿನಲ್ಲಿ ಹರ್ತ್ಸನ್ ಎಂದರೆ ಬೀಜ, ಝಗ್ ಎಂದರೆ ಸಿಪ್ಪೆ. ಗಂಟೆಯ ಹೋಲಿಕೆಯೇ ನಿಂತಿತು.

ಅದೇ ಪರಂಪರೆಯಲ್ಲಿ 'ಗೆಫೆತ್' ಎಂಬ ಇನ್ನೊಂದು ಪದವಿದೆ. ಸಬ್ಬತ್ ದಿನಕ್ಕಾಗಿ ಅಡುಗೆ ಬಿಸಿಯಾಗಿರಲೆಂದು ಪಾತ್ರೆಯನ್ನು ಗೆಫೆತ್‌ನಲ್ಲಿ ಹುದುಗಿಸಿಡಬಾರದು ಎಂದು ಮಿಶ್ನಾ ಹೇಳುತ್ತದೆ, ಏಕೆಂದರೆ ಅದು ತಾನೇ ಕಾವು ಕೊಡುತ್ತದೆ. ಮುಂದೆ ತಾಲ್ಮುದ್ ಕೇಳುವ ಪ್ರಶ್ನೆ ಇದು: ಇಲ್ಲಿ ಹೇಳಿರುವುದು ಆಲಿವ್ ಹಣ್ಣಿನ ಉಳಿಕೆಯೋ, ಎಳ್ಳಿನ ಉಳಿಕೆಯೋ? ಹಣ್ಣಿನದಕ್ಕೂ ಕಾಳಿನದಕ್ಕೂ ಒಂದೇ ಹೆಸರಿದ್ದಾಗ ಹುಟ್ಟುವ ತೊಡಕು ಇದು. ಕನ್ನಡದ 'ಹಿಂಡಿ'ಯ ಬಗ್ಗೆ ಯೋಚಿಸುವವರಿಗೂ ಇದೇ ತೊಡಕು ಎದುರಾಗುತ್ತದೆ.

ಕನ್ನಡದ ನಕ್ಷೆ

ನಮ್ಮ ಪದಗಳನ್ನು ಮೊದಲು ಹರಡಿಕೊಳ್ಳೋಣ. 'ಹಿಂಡಿ' ಗಾಣದ ಪದ. ಕಡಲೆಕಾಯಿ ಹಿಂಡಿ, ಎಳ್ಳು ಹಿಂಡಿ, ಹತ್ತಿಬೀಜದ ಹಿಂಡಿ, ಬೇವಿನ ಹಿಂಡಿ, ಹೊಂಗೆ ಹಿಂಡಿ. 'ಹಿಪ್ಪೆ' ಕೈಯ ಮತ್ತು ಬಾಯಿಯ ಪದ. ಹಿಂಡಿ, ಚೀಪಿ, ಹೀರಿ ಸತ್ವವೆಲ್ಲ ಹೋದ ಮೇಲೆ ಉಳಿದದ್ದು. 'ಸಿಪ್ಪೆ' ಮೂಲತಃ ಹೊರಪದರ. ಬಾಳೆಹಣ್ಣಿನ ಸಿಪ್ಪೆ, ಕಿತ್ತಳೆ ಸಿಪ್ಪೆ. ಆದರೆ ಕಬ್ಬಿನ ವಿಷಯದಲ್ಲಿ ಮಾತ್ರ ಅದು ಜಗಿದುಳಿದ ಅಥವಾ ಅರೆದುಳಿದ ಇಡೀ ನಾರಿಗೆ ಹಬ್ಬಿಕೊಂಡಿದೆ. ಹಲಸಿನ ತೊಳೆಗಳ ನಡುವಿನ ಎಳೆಗೆ 'ರಚ್ಚೆ' ಎನ್ನುವವರಿದ್ದಾರೆ. ಇನ್ನು 'ಗಸಿ', 'ಮಡ್ಡಿ' ಮೊದಲಾದವು ತಳಕ್ಕೆ ಇಳಿದು ನಿಂತದ್ದರ ಹೆಸರುಗಳು: ತುಪ್ಪ ಕಾಯಿಸಿದಾಗಿನ ಗಸಿ, ಎಣ್ಣೆಯ ಮಡ್ಡಿ. ಅಲ್ಲಿ ಹಿಂಡುವ ಕೆಲಸವಿಲ್ಲ, ನಿಲ್ಲಲು ಬಿಡುವ ಕೆಲಸವಿದೆ. 'ಚರಟ' ಈ ಎರಡರ ನಡುವೆ ಬರುತ್ತದೆ. ಸೋಸಿದ ಮೇಲೆ ಮೇಲುಳಿದದ್ದೂ ಚರಟವೇ, ತಳದಲ್ಲಿ ಕೂತದ್ದೂ ಚರಟವೇ.

ಸಂಸ್ಕೃತದಿಂದ ಬಂದವು ಪ್ರತ್ಯೇಕ ಗುಂಪು. 'ಪಿಣ್ಯಾಕ' ಎಂದರೆ ಎಣ್ಣೆ ತೆಗೆದ ಎಳ್ಳಿನ ಹಿಂಡಿ. ತಮಿಳು, ಮಲಯಾಳಗಳ 'ಪಿಣ್ಣಾಕ್ಕು' ಇದರ ನಂಟ. 'ಕಲ್ಕ' ಎಂದರೆ ಗಸಿ. ಆಯುರ್ವೇದದಲ್ಲಿ ಅರೆದ ಮುದ್ದೆಯೂ ಹೌದು. 'ಖಲ' ಎಂದರೆ ಹಿಂಡಿಯೂ ಹೌದು, ದುಷ್ಟನೂ ಹೌದು.

ಈ ರಾಶಿಗೆ ಮೊದಲು ವ್ಯವಸ್ಥಿತ ರೂಪ ಕೊಟ್ಟವರು ನಿಘಂಟುಕಾರರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು, ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಜ್ಞಾತಿಪದಗಳನ್ನು ಜೋಡಿಸಿ ನೋಡಲು 1961ರಲ್ಲಿ ಮೊದಲು ಬಂದು 1984ರಲ್ಲಿ ಪರಿಷ್ಕೃತವಾದ ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು. ನಿಘಂಟಿನ ಕ್ರಮವೇ ಹಾಗೆ: ಒಂದು ಪದದ ಅರ್ಥವನ್ನು ಇನ್ನೊಂದು ಪದದಿಂದ ಹೇಳಬೇಕು. ಹಿಪ್ಪೆಗೆ ಸಿಪ್ಪೆ, ಚರಟಕ್ಕೆ ಗಸಿ, ಗಸಿಗೆ ಮಡ್ಡಿ ಎಂದು ಬರೆಯುತ್ತ ಹೋದಾಗ ಅಜ್ಜಿಯ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿದ್ದ ಗೆರೆಗಳು ಮಸುಕಾಗುತ್ತವೆ. ಆ ಗೆರೆಗಳನ್ನು ಮತ್ತೆ ಕಾಣಿಸಲು ಹೊರಟ ವಿಚಾರಗಳನ್ನು ನಾಲ್ಕು ಪಕ್ಷಗಳಾಗಿ ಜೋಡಿಸಬಹುದು.

ಮೊದಲ ಪಕ್ಷ: ಮಾಡಿದ ಕೆಲಸವೇ ಹೆಸರು

ಉಳಿಕೆಗೆ ಹೆಸರು ಬರುವುದು ಅದನ್ನು ಉಳಿಸಿದ ಕ್ರಿಯೆಯಿಂದ ಎಂಬುದು ಮೊದಲ ಪಕ್ಷ. ಹಿಂಡಿದ್ದರಿಂದ ಹಿಂಡಿ. ಹಳಗನ್ನಡದಲ್ಲಿ 'ಪಿೞಿ', 'ಪಿಂಡು' ಎಂದಿದ್ದ ಧಾತುಗಳು ಇದರ ಬೇರು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಿಂಡು ಹಿಂಡಾಯಿತು. ತೆಲುಗಿನಲ್ಲಿ ಇಂದಿಗೂ 'ಪಿಂಡು' ಎಂದರೆ ಹಿಂಡುವುದೇ.

ಈ ಪಕ್ಷಕ್ಕೆ ದೂರದ ಸಾಕ್ಷಿಯೂ ಇದೆ. ಫ್ರಾನ್ಸಿನಲ್ಲಿ ದ್ರಾಕ್ಷಿಯ ಉಳಿಕೆಗೆ 'ಮಾರ್' ಎನ್ನುತ್ತಾರೆ. ಇಂದು 'ನಡೆ' ಎಂಬ ಅರ್ಥವಿರುವ 'ಮಾರ್ಶೆ' ಧಾತುವಿಗೆ ಹಿಂದೆ 'ತುಳಿ' ಎಂಬ ಅರ್ಥವಿತ್ತು, ಅದರಿಂದ ಬಂದ ಪದ ಇದು. ತೊಟ್ಟಿಯಲ್ಲಿ ದ್ರಾಕ್ಷಿ ತುಳಿದ ಪಾದಗಳು ಮರೆಯಾಗಿ ಶತಮಾನಗಳಾದರೂ ಪದದಲ್ಲಿ ಅವು ಇನ್ನೂ ನಡೆಯುತ್ತಿವೆ.

ಪದ ಹೇಗೆ ಹಬ್ಬುತ್ತದೆ ಎಂಬುದಕ್ಕೆ ಈ ಪಕ್ಷ ಒಳ್ಳೆಯ ವಿವರಣೆ ಕೊಡುತ್ತದೆ. ಹೆಸರು ಕ್ರಿಯೆಯದಾದ್ದರಿಂದ ಪದಾರ್ಥ ಬದಲಾದರೂ ಹೆಸರು ನಿಲ್ಲುತ್ತದೆ. ಹಾಗಾಗಿ ಫ್ರೆಂಚರು ಕಾಫಿಯ ಚರಟಕ್ಕೂ ಮಾರ್ ಎನ್ನುತ್ತಾರೆ. ನಾವು ಕಡಲೆಕಾಯಿಯಿಂದ ಹೊಂಗೆಯವರೆಗೆ ಎಲ್ಲಕ್ಕೂ ಹಿಂಡಿ ಎನ್ನುತ್ತೇವೆ. ಆದರೆ ಒಂದು ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಹುಣಸೆಯನ್ನೂ ನಿಂಬೆಯನ್ನೂ ನಾವು ಹಿಂಡುತ್ತೇವೆ. ಹಾಗಿದ್ದರೆ ಅವುಗಳ ಉಳಿಕೆ ಏಕೆ ಹಿಂಡಿಯಾಗಲಿಲ್ಲ?

ಇನ್ನೊಂದು ತೊಡಕು ಉತ್ತರ ಕರ್ನಾಟಕದ ಊಟದ ತಟ್ಟೆಯಲ್ಲಿದೆ. ಧಾರವಾಡ, ವಿಜಯಪುರದ ಕಡೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದರೆ ಜೋಳದ ರೊಟ್ಟಿಯ ಜೊತೆಗಿನ ಚಟ್ನಿಪುಡಿ. ಹುರಿದ ಶೇಂಗಾಕ್ಕೆ ಖಾರ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟುತ್ತಾರೆ. ಕುಟ್ಟುತ್ತ ಹೋದಂತೆ ಕಾಳಿನ ಎಣ್ಣೆ ಬಿಟ್ಟು ಪುಡಿ ಮುದ್ದೆಗಟ್ಟುತ್ತದೆ, ಬೆರಳಲ್ಲಿ ಒತ್ತಿದರೆ ಉಂಡೆಯಾಗುತ್ತದೆ. ಗಾಣದ ಹಿಂಡಿಯಿಂದ ಎಣ್ಣೆ ಹೊರಟುಹೋಗಿದೆ, ಈ ಹಿಂಡಿಯಲ್ಲಿ ಎಣ್ಣೆಯೇ ರುಚಿ. ಏನನ್ನೂ ತೆಗೆಯದೆ ಮಾಡಿದ್ದಕ್ಕೆ ಉಳಿಕೆಯ ಹೆಸರು ಏಕೆ ಬಂತು?

ತೆಲುಗು ಇಲ್ಲಿ ದಾರಿ ತೋರಿಸುತ್ತದೆ. ಅಲ್ಲಿ 'ಪಿಂಡಿ' ಎಂದರೆ ಹಿಟ್ಟು. ಎಳ್ಳಿನ ಹಿಂಡಿಗೂ 'ತೆಲಗಪಿಂಡಿ' ಎಂದೇ ಹೆಸರು. ಅದನ್ನು ನುಗ್ಗೆಸೊಪ್ಪಿನ ಜೊತೆ ಪಲ್ಯ ಮಾಡಿ ಉಣ್ಣುತ್ತಾರೆ, ಬಾಣಂತಿಯರಿಗೂ ಬಡಿಸುತ್ತಾರೆ. ಪುಡಿ, ಹಿಟ್ಟು, ಹಿಂಡಿ ಮೂರೂ ಒಂದೇ ಪದದೊಳಗೆ ವಾಸವಾಗಿರುವಾಗ ಧಾರವಾಡದ ಹಿಂಡಿಯನ್ನು ಗಾಣದ ಹಿಂಡಿಯಿಂದ ಹುಟ್ಟಿಸಬೇಕಾದ ಅಗತ್ಯವಿಲ್ಲ. ಎರಡೂ ಅಕ್ಕತಂಗಿಯರಾಗಿರಬಹುದು.

ಎರಡನೆಯ ಪಕ್ಷ: ಉಳಿದ ಪದಾರ್ಥವೇ ಹೆಸರು

ಕ್ರಿಯೆಗಿಂತ ಕಣ್ಣೆದುರಿಗಿರುವ ಪದಾರ್ಥ ಮುಖ್ಯ ಎಂಬುದು ಎರಡನೆಯ ಪಕ್ಷ. ಹೀಬ್ರೂ ಗುರುಗಳು ಬೀಜ ಯಾವುದು, ಸಿಪ್ಪೆ ಯಾವುದು ಎಂದು ಜಗಳಾಡಿದ್ದು ಈ ನೆಲೆಯಲ್ಲೇ. ನಮ್ಮ ಸಿಪ್ಪೆ, ನಾರು, ರಚ್ಚೆ ಇದಕ್ಕೆ ಸೇರುತ್ತವೆ.

ಯುರೋಪಿನ ಹಲವು ಪದಗಳು ಈ ಗುಂಪಿನವು, ಅವುಗಳ ಪಯಣ ಮಾತ್ರ ಅಚ್ಚರಿಯದು. ಇಂಗ್ಲಿಷಿನ 'ಪೊಮೇಸ್' ಲ್ಯಾಟಿನ್ನಿನ 'ಪೋಮುಮ್', ಅಂದರೆ ಹಣ್ಣು, ಎಂಬ ಪದದಿಂದ ಬಂದದ್ದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದರ ಮೂಲರೂಪಕ್ಕೆ ಸೇಬಿನ ಮದ್ಯ ಎಂಬ ಅರ್ಥವಿತ್ತು. ರಸದ ಹೆಸರು ಕಾಲಾಂತರದಲ್ಲಿ ರಸ ಹೋದ ಮೇಲಿನ ಉಳಿಕೆಗೆ ಅಂಟಿಕೊಂಡಿತು. ಸ್ಪ್ಯಾನಿಷಿನ 'ಬಗಾಸೊ' ಹಣ್ಣು ಎಂಬ ಅರ್ಥದ ಲ್ಯಾಟಿನ್ ಪದದ ಸಂತತಿ. ಆಲಿವ್, ದ್ರಾಕ್ಷಿಗಳ ಉಳಿಕೆಯನ್ನು ಸೂಚಿಸುತ್ತಿದ್ದ ಅದು ಹಡಗೇರಿ ಅಮೆರಿಕದ ಕಬ್ಬಿನ ತೋಟಗಳಿಗೆ ಹೋಯಿತು. ಫ್ರೆಂಚರ ಬಾಯಲ್ಲಿ 'ಬಗಾಸ್' ಆಗಿ, ಈಗ ಮಂಡ್ಯ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳಲ್ಲಿ 'ಬಗ್ಯಾಸ್' ಎಂದು ಕೇಳಿಸುತ್ತದೆ. ಹಣ್ಣಿನ ಪದ ಹುಲ್ಲಿನ ಜಾತಿಯ ಗಿಡವೊಂದರ ನಾರಿಗೆ ಬಂದು ನಿಂತಿತು.

ಇಟಲಿಯ 'ಗ್ರಾಪ್ಪ' ಎಂಬ ಮದ್ಯವನ್ನು ದ್ರಾಕ್ಷಿಯ ಉಳಿಕೆಯಿಂದ ಬಟ್ಟಿ ಇಳಿಸುತ್ತಾರೆ. ಗ್ರಾಪ್ಪ ಎಂಬ ಬೆಟ್ಟದ ತಪ್ಪಲಿನ ಬಸ್ಸಾನೊ ಊರಿನಿಂದ ಈ ಹೆಸರು ಬಂತು ಎಂದು ಜನ ನಂಬುತ್ತಾರೆ. ಭಾಷಾಶಾಸ್ತ್ರಜ್ಞರು ಒಪ್ಪುವ ಮೂಲ ಬೇರೆ: ದ್ರಾಕ್ಷಿಗೊಂಚಲಿಗೂ ಅದರ ಕಡ್ಡಿಗೂ ಇರುವ ಉತ್ತರ ಇಟಲಿಯ ಆಡುಮಾತು.

ವಿಂಗಡಣೆಯಲ್ಲಿ ಈ ಪಕ್ಷಕ್ಕೆ ಬಲ ಹೆಚ್ಚು. ಬೀಜ, ಸಿಪ್ಪೆ, ಕಡ್ಡಿ, ನಾರು ಎಂದು ಪ್ರತಿಯೊಂದನ್ನೂ ಬೇರೆ ಮಾಡಿ ತೋರಿಸುತ್ತದೆ. ಪದಾರ್ಥ ಬದಲಾದರೂ ಹೆಸರು ಹೇಗೆ ಉಳಿಯಿತು ಎಂದು ಕೇಳಿದರೆ ಮಾತ್ರ ಅದು ತಡವರಿಸುತ್ತದೆ. ಕಬ್ಬಿನ ನಾರು ಕನ್ನಡದಲ್ಲಿ ಸಿಪ್ಪೆಯಾದದ್ದನ್ನೇ ನೋಡಿ. ಕಬ್ಬು ತಿನ್ನುವವರು ಮೊದಲು ಹಲ್ಲಿನಿಂದ ಸೀಳಿ ಉಗಿಯುವುದು ನಿಜವಾದ ಸಿಪ್ಪೆಯನ್ನು. ಆಮೇಲೆ ಒಳಗಿನದನ್ನು ಜಗಿದು ಅದನ್ನೂ ಅದೇ ಜಾಗಕ್ಕೆ ಉಗಿಯುತ್ತಾರೆ. ಬಿದ್ದ ರಾಶಿ ಒಂದೇ ಆದ್ದರಿಂದ ಹೆಸರೂ ಒಂದೇ ಆಯಿತು ಎಂದು ನನಗನ್ನಿಸುತ್ತದೆ. ಅಲ್ಲಿಗೆ ಹೆಸರಿಟ್ಟದ್ದು ಪದಾರ್ಥ ಎನ್ನುವುದಕ್ಕಿಂತ, ಅದು ಹೋಗಿ ಬಿದ್ದ ಜಾಗ ಎನ್ನಬೇಕಾಗುತ್ತದೆ.

ಮೂರನೆಯ ಪಕ್ಷ: ಬೆಲೆಯೇ ಹೆಸರು

ಉಳಿಕೆಯ ಪದಗಳು ಪದಾರ್ಥವನ್ನು ಹೇಳುವಂತೆ ಕಂಡರೂ ಒಳಗೆ ಹೇಳುವುದು ತೀರ್ಪನ್ನು ಎಂಬುದು ಮೂರನೆಯ ಪಕ್ಷ. 'ಹಿಂಡಿ ಹಿಪ್ಪೆ ಮಾಡು' ಎಂಬ ನುಡಿಗಟ್ಟನ್ನು ಕೇಳದ ಕನ್ನಡಿಗರಿಲ್ಲ. ಸಾಲ ರೈತನನ್ನು ಹಿಂಡಿ ಹಿಪ್ಪೆ ಮಾಡಿತು, ಕೆಲಸ ನನ್ನನ್ನು ಹಿಂಡಿ ಹಿಪ್ಪೆ ಮಾಡಿತು ಎನ್ನುತ್ತೇವೆ. ತೆಲುಗಿನಲ್ಲೂ ಇದರ ಜೋಡಿ ಇದೆ: 'ಪೀಲ್ಚಿ ಪಿಪ್ಪಿ ಚೇಯು', ಹೀರಿ ಹಿಪ್ಪೆ ಮಾಡು. ಮನುಷ್ಯನನ್ನು ಯಾರೂ ಹಿಂಡಿ ಮಾಡುವುದಿಲ್ಲ, ಹಿಪ್ಪೆ ಮಾಡುತ್ತಾರೆ. ಏಕೆಂದರೆ ಹಿಂಡಿಗೆ ಸಂತೆಯಲ್ಲಿ ದರವಿದೆ, ಹಿಪ್ಪೆಗೆ ಇಲ್ಲ.

ಸಂಸ್ಕೃತ ಈ ದಾರಿಯಲ್ಲಿ ಬಹಳ ದೂರ ಹೋಗಿದೆ. ಕಲ್ಕ ಎಂಬ ಗಸಿಯ ಹೆಸರಿಗೆ ಕೊಳೆ, ಪಾಪ, ಕಪಟ ಎಂಬ ಅರ್ಥಗಳೂ ಸೇರಿಕೊಂಡವು. ಖಲ ಎಂಬ ಪದದ ಮೇಲೆ ಸುಭಾಷಿತಕಾರರು ಒಂದು ಸೊಗಸಾದ ಶ್ಲೇಷೆ ಕಟ್ಟಿದ್ದಾರೆ. 'ಸ್ನೇಹ' ಎಂದರೆ ಎಣ್ಣೆಯೂ ಹೌದು, ಒಲವೂ ಹೌದು. ಸ್ನೇಹ ಕಳೆದುಕೊಂಡ ಎಳ್ಳು ಖಲವಾಗುತ್ತದೆ, ಸ್ನೇಹ ಕಳೆದುಕೊಂಡ ಮನುಷ್ಯನೂ ಖಲನಾಗುತ್ತಾನೆ. ದುಷ್ಟನಿಗೂ ಹಿಂಡಿಗೂ ನಿಜವಾಗಿ ಒಂದೇ ಮೂಲವೋ, ಎರಡು ಪದಗಳು ಆಕಸ್ಮಿಕವಾಗಿ ಒಂದೇ ರೂಪಕ್ಕೆ ಬಂದವೋ ಎಂಬುದು ಬೇರೆ ಮಾತು. ಕೇಳಿದ ಕಿವಿಗೆ ಎರಡೂ ಒಂದೇ ಆಗಿ ತಟ್ಟಿತ್ತು ಎಂಬುದಕ್ಕೆ ಶ್ಲೇಷೆಯೇ ಸಾಕ್ಷಿ.

ಪಿಣ್ಯಾಕವೂ ತೀರ್ಪು ಹೊತ್ತ ಪದ. ಸುರಾಪಾನದ ಪ್ರಾಯಶ್ಚಿತ್ತವಾಗಿ ವರ್ಷವಿಡೀ ರಾತ್ರಿ ಒಮ್ಮೆ ಮಾತ್ರ ನುಚ್ಚನ್ನೋ ಪಿಣ್ಯಾಕವನ್ನೋ ತಿನ್ನಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಸಾರ ಕುಡಿದವನಿಗೆ ನಿಸ್ಸಾರದ ಶಿಕ್ಷೆ. ಮೆಡಿಟರೇನಿಯನ್ ಕಡಲಿನ ಆಚೆಗೂ ಇಂಥದೇ ತಾರತಮ್ಯವಿತ್ತು. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮಿನ ಕೇಟೊ ಬರೆದ ಕೃಷಿಗ್ರಂಥದಲ್ಲಿ 'ಲೋರ' ಎಂಬ ಪಾನೀಯ ಬರುತ್ತದೆ. ಹಿಂಡಿದ ದ್ರಾಕ್ಷಿಯ ಉಳಿಕೆಗೆ ನೀರು ಬೆರೆಸಿ ತೆಗೆದದ್ದು ಅದು. ಸುಗ್ಗಿಯ ನಂತರ ಮೂರು ತಿಂಗಳು ಆಳುಗಳು ಕುಡಿಯಬೇಕಾದದ್ದು ಅದನ್ನೇ. ಒಡೆಯನ ಪಾಲಿಗೆ ಮುಗಿದುಹೋದದ್ದು ಆಳಿನ ಪಾಲಿಗೆ ಆಗ ಶುರುವಾಗುತ್ತಿತ್ತು.

ಭಾವ, ರೂಪಕ, ಗಾದೆಗಳನ್ನು ಈ ಪಕ್ಷ ಚೆನ್ನಾಗಿ ವಿವರಿಸುತ್ತದೆ. ಆದರೆ ನಮ್ಮ ಅಜ್ಜಿಯ ಕರಟದಲ್ಲಿದ್ದ ಹುಣಸೆ ಹಿಪ್ಪೆ ಇದರ ಕೈಗೆ ಸಿಗುವುದಿಲ್ಲ. ಅದಕ್ಕೆ ಬೆಲೆ ಇತ್ತು, ದೀಪ ಬೆಳಗುವ ಕೆಲಸವಿತ್ತು. ಆದರೂ ಅದು ಹಿಪ್ಪೆಯೇ ಆಗಿತ್ತು. ಆಯುರ್ವೇದದ ಕಲ್ಕವೂ ಹಾಗೆ. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಐದು ಮೂಲ ಕಲ್ಪನೆಗಳಲ್ಲಿ ಕಲ್ಕವೇ ಒಂದು ಔಷಧ. ಪಾಪ ಎಂಬ ಅರ್ಥ ಹೊತ್ತ ಪದವೇ ವೈದ್ಯನ ಕಲ್ಲಿನ ಮೇಲೆ ಮದ್ದಾಗಿ ನಿಂತಿದೆ.

ನಾಲ್ಕನೆಯ ಪಕ್ಷ: ಮುಂದಿನ ಉಪಯೋಗವೇ ಹೆಸರು

ಉಳಿಕೆಯ ಹೆಸರು ಹಿಂದೆ ಆದದ್ದರ ಕಡೆಗಲ್ಲ, ಮುಂದೆ ಆಗುವುದರ ಕಡೆಗೆ ನೋಡುತ್ತದೆ ಎಂಬುದು ನಾಲ್ಕನೆಯ ಪಕ್ಷ. ಗಾಣದ ಉಳಿಕೆಗೆ ಕಾಯುತ್ತಿರುವವರಿದ್ದಾರೆ, ಹಸು ಮತ್ತು ಹೊಲ. ಕಡಲೆಕಾಯಿ, ಎಳ್ಳು, ಹತ್ತಿಬೀಜದ ಹಿಂಡಿ ಕೊಟ್ಟಿಗೆಗೆ. ಬೇವು, ಹೊಂಗೆ, ಹರಳಿನ ಹಿಂಡಿ ಗೊಬ್ಬರವಾಗಿ ಹೊಲಕ್ಕೆ. ಹರಳಿನ ಹಿಂಡಿಯಲ್ಲಿರುವ ರಿಸಿನ್ ಎಂಬ ವಿಷ ದನಕ್ಕೆ ಅಪಾಯ. ಸಂತೆಯಲ್ಲಿ ಹಿಂಡಿ ಎಂದ ಕೂಡಲೇ 'ಯಾವುದಕ್ಕೆ?' ಎಂಬ ಮರುಪ್ರಶ್ನೆ ಬರುವುದು ಇದಕ್ಕೇ.

ಆಲೆಮನೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನು ಬಯಲಿನಲ್ಲಿ ಹರವಿ ಒಣಗಿಸುತ್ತಾರೆ. ಆಮೇಲೆ ಕೊಪ್ಪರಿಗೆಯ ಕೆಳಗಿನ ಒಲೆಬಾಯಿಗೆ ಒಬ್ಬ ಅದನ್ನು ತುಂಬುತ್ತಲೇ ಕೂರುತ್ತಾನೆ. ಕಬ್ಬಿನ ರಸ ಕಬ್ಬಿನ ಸಿಪ್ಪೆಯ ಬೆಂಕಿಯಲ್ಲೇ ಕುದಿದು ಬೆಲ್ಲವಾಗುತ್ತದೆ. ಕಾರ್ಖಾನೆಯಲ್ಲೂ ಇದೇ ತತ್ವ. ಒಂದು ಟನ್ ಕಬ್ಬು ಅರೆದರೆ ಸುಮಾರು 280ರಿಂದ 300 ಕಿಲೊ ಹಸಿ ಸಿಪ್ಪೆ ಉಳಿಯುತ್ತದೆ, ಅದರ ಅರ್ಧದಷ್ಟು ನೀರು. ಅದನ್ನು ಉರಿಸಿ ಹಬೆ, ಹಬೆಯಿಂದ ವಿದ್ಯುತ್ತು. ಕರೂರಿನ ಬಳಿಯ ತಮಿಳುನಾಡು ಸುದ್ದಿಕಾಗದ ಕಾರ್ಖಾನೆ ಅದೇ ಸಿಪ್ಪೆಯಿಂದ ಕಾಗದ ಮಾಡುತ್ತದೆ. ಗಾಣದಲ್ಲಿ ಅರೆದರೂ ಸವಿ ಬಿಡದ ಕಬ್ಬನ್ನು ಅಕ್ಕಮಹಾದೇವಿ ತನ್ನ ವಚನದಲ್ಲಿ ದೃಷ್ಟಾಂತವಾಗಿ ತಂದಿದ್ದಾಳೆ. ಸವಿ ಬಿಟ್ಟುಕೊಟ್ಟ ಮೇಲೂ ಕಬ್ಬಿನ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಆಲೆಮನೆಯ ಒಲೆ ತೋರಿಸುತ್ತದೆ.

ಉಪಯೋಗ ಬಲವಾದಾಗ ಪದ ಪೂರ್ತಿ ಆಚೆ ದಾಟುವುದೂ ಉಂಟು. ಸ್ಪೇನಿನಲ್ಲಿ 'ಒರೂಹೊ' ಎಂದರೆ ದ್ರಾಕ್ಷಿಯ ಉಳಿಕೆ, ಅದರಿಂದ ಇಳಿಸಿದ ಮದ್ಯಕ್ಕೂ ಅದೇ ಹೆಸರು. 1989ರಿಂದ ಐರೋಪ್ಯ ಕಾನೂನು ಗ್ರಾಪ್ಪ ಎಂಬ ಹೆಸರನ್ನು ಇಟಲಿಗೆ ಕಾಯ್ದಿರಿಸಿದೆ. ಕಡ್ಡಿಯ ಹೆಸರು ಕಾನೂನಿನ ರಕ್ಷಣೆ ಪಡೆಯಿತು. ಕಾನೂನು ಹೆಸರನ್ನು ಕಿತ್ತುಕೊಳ್ಳುವುದೂ ಇದೆ. ಆಲಿವ್ ಉಳಿಕೆಯಿಂದ ದ್ರಾವಕ ಬಳಸಿ ತೆಗೆದ ಎಣ್ಣೆಯನ್ನು ಬರಿಯ 'ಆಲಿವ್ ಎಣ್ಣೆ' ಎಂದು ಕರೆಯಕೂಡದು, ಉಳಿಕೆಯ ಹೆಸರನ್ನು ಸೇರಿಸಿಯೇ ಹೇಳಬೇಕು ಎಂಬುದು ಅಂತರರಾಷ್ಟ್ರೀಯ ಆಲಿವ್ ಮಂಡಳಿಯ ಮಾನದಂಡ.

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಪಲ್ಪರ್ ಯಂತ್ರದಿಂದ ಹೊರಬಿದ್ದ ಕಾಫಿಹಣ್ಣಿನ ಸಿಪ್ಪೆ ಹಿಂದಿನಿಂದಲೂ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಯೆಮನ್ನಿನಲ್ಲಿ ಒಣಗಿದ ಕಾಫಿಸಿಪ್ಪೆಯನ್ನು ಕುದಿಸಿ 'ಕಿಶ್ರ್' ಎಂಬ ಪಾನೀಯ ಮಾಡುವುದು ಹಳೆಯ ವಾಡಿಕೆ. ಇಂದು ಅದೇ ಸಿಪ್ಪೆ 'ಕಾಸ್ಕಾರ' ಎಂಬ ಸ್ಪ್ಯಾನಿಷ್ ಹೆಸರಿನಲ್ಲಿ ಪೊಟ್ಟಣವಾಗಿ ಮಾರಾಟವಾಗುತ್ತದೆ. ಆ ಪದಕ್ಕೂ ಅರ್ಥ ಸಿಪ್ಪೆ ಎಂದೇ.

ಹಿಪ್ಪೆಯೂ ಹಿಪ್ಪೆ ಮರವೂ

ನಾಲ್ಕೂ ಪಕ್ಷಗಳನ್ನು ಒಂದೇ ಪದದ ಮೇಲೆ ಪರೀಕ್ಷಿಸಲು ಹಿಪ್ಪೆಯಷ್ಟು ತಕ್ಕದ್ದು ಇನ್ನೊಂದಿಲ್ಲ. ಹಿಪ್ಪೆ ಎಂಬ ಮರವೂ ಇದೆಯಲ್ಲ. ಅದರ ಬೀಜದಿಂದ ಎಣ್ಣೆ ತೆಗೆಯುತ್ತಾರೆ. ಉಳಿದ ಹಿಪ್ಪೆ ಹಿಂಡಿಯಲ್ಲಿ ಸಾಪೊನಿನ್ ಎಂಬ ನೊರೆಯ ಅಂಶವಿದ್ದು ಅದು ಮೀನಿಗೆ ವಿಷ. ಸಾಕಣೆಯ ಕೊಳಗಳಲ್ಲಿ ಬೇಡದ ಮೀನುಗಳನ್ನು ಕೊಲ್ಲಲು ಅದನ್ನು ಬಳಸುತ್ತಾರೆ. ಹಸುವಿಗಾಗದ ಈ ಹಿಂಡಿಯಿಂದಲೇ 'ಹಿಂಡಿ ಹಿಪ್ಪೆ' ಎಂಬ ಮಾತು ಹುಟ್ಟಿತು ಎಂದು ವಿವರಿಸುವವರಿದ್ದಾರೆ. ಕೇಳಲು ಸೊಗಸಾಗಿದೆ.

ಆದರೆ ನೆರೆಭಾಷೆಗಳು ಇದನ್ನು ಒಪ್ಪುವುದಿಲ್ಲ. ಮರಕ್ಕೆ ತೆಲುಗಿನಲ್ಲಿ 'ಇಪ್ಪ', ತಮಿಳಿನಲ್ಲಿ 'ಇಲುಪ್ಪೈ', ಕನ್ನಡದಲ್ಲೇ 'ಇಪ್ಪೆ' ಎಂಬ ರೂಪವೂ ಉಂಟು. ಎಲ್ಲೂ ಮೊದಲಿಗೆ ಪಕಾರವಿಲ್ಲ. ಉಳಿಕೆಗಾದರೋ ತೆಲುಗಿನಲ್ಲಿ 'ಪಿಪ್ಪಿ'. ಸಂಸ್ಕೃತದ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿಯಾದ ಹಾಗೆ ಪಿಪ್ಪಿಯ ಕನ್ನಡದ ಒಡಹುಟ್ಟು ಹಿಪ್ಪೆಯಾಗುವುದು ಸಹಜ. ಮರದ ಹಿಪ್ಪೆಗೆ ಹಕಾರ ಆಮೇಲೆ ಸೇರಿದ್ದು, ಉಳಿಕೆಯ ಹಿಪ್ಪೆಗೆ ಅದು ಹಳೆಯ ಪಕಾರದ ಗುರುತು. ಎರಡು ಬೇರೆ ಊರಿನವರು ಒಂದೇ ಬಾಗಿಲಲ್ಲಿ ಬಂದು ನಿಂತಿದ್ದಾರೆ.

ತಿರುಳು ಎಂದರೆ ತಪ್ಪೇನು?

ಇತ್ತೀಚೆಗೆ ಹಣ್ಣಿನ ಸಂಸ್ಕರಣೆಯ ಬರಹಗಳಲ್ಲಿ ರಸ ತೆಗೆದ ಉಳಿಕೆಗೆ 'ತಿರುಳು' ಎಂದು ಬರೆಯುವುದನ್ನು ಕಾಣುತ್ತೇನೆ. ಇಂಗ್ಲಿಷಿನ 'ಪಲ್ಪ್' ಎಂಬ ಪದಕ್ಕೆ ನಿಘಂಟಿನಲ್ಲಿ ಸಿಗುವ ಮೊದಲ ಅರ್ಥವನ್ನು ಹಾಗೇ ಎತ್ತಿಟ್ಟ ಪರಿಣಾಮ ಇದು. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಸಿಪ್ಪೆ ಸುಲಿದು ಹೊರಗಿನದನ್ನು ತೆಗೆದ ಮೇಲೆ ಉಳಿಯುವುದು ತಿರುಳು. ಒಳಗಿನದನ್ನು ತೆಗೆದ ಮೇಲೆ ಉಳಿಯುವುದು ಹಿಪ್ಪೆ. ಕನ್ನಡ ಒಂದನ್ನು ಮಾನದ ತುದಿಗೂ ಇನ್ನೊಂದನ್ನು ದಣಿವಿನ ತುದಿಗೂ ಇಟ್ಟಿದೆ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗ ಅತ್ಯುತ್ತಮ ಕನ್ನಡವಾಡುವ ನಾಡನ್ನು ಗುರುತಿಸಿದ್ದು ತಿರುಳು ಎಂಬ ಪದದಿಂದಲೇ. ಆ ಪದವನ್ನು ರಸ ಹೋದ ನಾರಿಗೆ ಹಚ್ಚಿದರೆ ಎರಡು ಪದಗಳ ನಡುವಿನ ಅಷ್ಟೂ ಅರ್ಥ ಸೋರಿಹೋಗುತ್ತದೆ.

ಇನ್ನೂ ತೀರ್ಮಾನವಾಗದವು

ನಾಲ್ಕು ಪಕ್ಷಗಳಲ್ಲಿ ಯಾವುದೊಂದೂ ಪೂರ್ತಿ ಗೆಲ್ಲುವುದಿಲ್ಲ. ಪದ ಹುಟ್ಟುವುದು ಕ್ರಿಯೆಯಿಂದಲೋ ಪದಾರ್ಥದಿಂದಲೋ. ಉಳಿಯುವುದು ಮಾತ್ರ ರಸ ಹೋದ ಮೇಲೆ ಅದಕ್ಕಾಗಿ ಕೈಚಾಚುವವರು ಯಾರು ಎಂಬುದರಿಂದ ಎಂದು ನನ್ನ ನಂಬಿಕೆ. ಹಸು ಕಾದಿದ್ದರೆ ಹಿಂಡಿ, ಯಾರೂ ಕಾಯದಿದ್ದರೆ ಹಿಪ್ಪೆ. ಅಜ್ಜಿಯ ಹುಣಸೆ ಹಿಪ್ಪೆ ಈ ನಂಬಿಕೆಗೂ ಎದುರು ನಿಲ್ಲುತ್ತದೆ ಎಂಬುದನ್ನು ಮರೆಯಲಾರೆ. ಅದಕ್ಕೆ ಕಾದವರು ಒಬ್ಬರಿದ್ದರು, ಆದರೆ ಸಂತೆಯಲ್ಲಿರಲಿಲ್ಲ, ಬಚ್ಚಲಲ್ಲಿದ್ದರು. ಹೆಂಗಸರ ಮನೆಗೆಲಸದ ಉಪಯೋಗ ಪದದ ಅರ್ಥವನ್ನು ಬದಲಿಸುವಷ್ಟು ಲೆಕ್ಕಕ್ಕೆ ಬರಲಿಲ್ಲವೇ? ಇದು ಮೊದಲ ತೆರೆದ ಪ್ರಶ್ನೆ.

ಎರಡನೆಯದು ಮೂಲದ ಪ್ರಶ್ನೆ. ಹಿಂಡಿಯನ್ನು ಹಿಂಡು ಧಾತುವಿಗೆ ಕೊಟ್ಟ ಮೇಲೂ ಸಂಸ್ಕೃತದ 'ಪಿಂಡ' ಪಕ್ಕದಲ್ಲೇ ನಿಂತಿರುತ್ತದೆ. ಗಾಣದಿಂದ ಹಿಂಡಿ ಹೊರಬರುವುದು ಮುದ್ದೆಯಾಗಿ, ಬಿಲ್ಲೆಯಾಗಿಯೇ. ಎರಡು ಪದಗಳು ಒಂದನ್ನೊಂದು ತಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಪಿಣ್ಯಾಕ ಮತ್ತು ಪಿಣ್ಣಾಕ್ಕುಗಳಲ್ಲಿ ಕೊಟ್ಟವರು ಯಾರು, ಕೊಂಡವರು ಯಾರು ಎಂಬುದೂ ಹೀಗೇ ಉಳಿದಿದೆ.

ಮೂರನೆಯದು ಗಡಿಯ ಪ್ರಶ್ನೆ. ಉಳಿಕೆ ಉಳಿಕೆಯಾಗುವುದು ಯಾವಾಗ? ಗೋವಾದಲ್ಲಿ ಗೇರುಹಣ್ಣನ್ನು ತುಳಿದು ರಸ ತೆಗೆದ ಮೇಲೆ ಉಳಿದದ್ದನ್ನು ಮುದ್ದೆ ಕಟ್ಟಿ ಮೇಲೆ ಕಲ್ಲಿನ ಭಾರ ಹೇರುತ್ತಾರೆ. ಆಗ ತಾನಾಗಿ ಜಿನುಗುವ ತಿಳಿರಸವೇ 'ನೀರೊ', ಬೇಸಿಗೆಯಲ್ಲಿ ಜನ ಆಸೆಪಟ್ಟು ಕುಡಿಯುವುದು ಅದನ್ನು. ಮೊದಲ ತುಳಿತದ ಉಳಿಕೆಯೊಳಗೆ ಎರಡನೆಯ ರಸವಿತ್ತು. ಹಾಗಾದರೆ ಆ ಮುದ್ದೆ ಹಣ್ಣೋ, ಹಿಪ್ಪೆಯೋ?

ಕೊನೆಯದು ನಮ್ಮ ಕೈಯಲ್ಲೇ ಇರುವ ಪ್ರಶ್ನೆ. ದ್ರಾಕ್ಷಿ, ಮಾವು, ದಾಳಿಂಬೆಗಳ ರಸದ ಕಾರ್ಖಾನೆಗಳು ಬಂದ ಮೇಲೆ ಅವುಗಳ ಉಳಿಕೆಗೆ ಕನ್ನಡದಲ್ಲಿ ಒಂದು ಒಪ್ಪಿತ ಹೆಸರು ಬೇಕು. ಪೊಮೇಸ್ ಎನ್ನೋಣವೇ, ಹಣ್ಣಿನ ಹಿಂಡಿ ಎನ್ನೋಣವೇ, ಹಿಪ್ಪೆ ಎನ್ನೋಣವೇ? ಮೇವಾಗಿ ಗೊಬ್ಬರವಾಗಿ ಅದಕ್ಕೆ ದರ ಬಂದ ದಿನ ರೈತರೇ ಅದನ್ನು ಹಿಂಡಿ ಎಂದು ಕರೆದಾರು. ಅಲ್ಲಿಯವರೆಗೆ ಯಾವ ಸಮಿತಿ ಕೊಟ್ಟ ಹೆಸರೂ ಸಂತೆಯಲ್ಲಿ ನಿಲ್ಲುತ್ತದೆಯೋ ಇಲ್ಲವೋ ಹೇಳಲಾಗದು.

ನಮ್ಮ ಮನೆಯಲ್ಲಿ ಈಗ ಹುಣಸೆಯ ರಸ ಬಾಟಲಿಯಲ್ಲಿ ಬರುತ್ತದೆ. ಹಿಪ್ಪೆ ಎಲ್ಲೋ ದೂರದ ಕಾರ್ಖಾನೆಯಲ್ಲಿ ಉಳಿಯುತ್ತದೆ, ದೀಪ ಉಜ್ಜಲು ಪುಡಿ ತರುತ್ತೇವೆ. ಕೈಯಲ್ಲಿ ಉಳಿಯದ ವಸ್ತುವಿನ ಹೆಸರು ಬಾಯಲ್ಲಿ ಎಷ್ಟು ಕಾಲ ಉಳಿದೀತು?